ಫ್ರೆಂಚ್ ಕೋಚ್‌ಗೆ ನಾನು ದುಭಾಷಿಯಾದದ್ದು

ನನಗೆ ಫ್ರೆಂಚ್ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ. ಮೈಸೂರಿನಲ್ಲಿ ಪಿಯುಸಿ ಓದುವಾಗ, ಅಂಕ ಜಾಸ್ತಿ ಬೀಳುತ್ತದೆಂದು ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡಿದ್ದೆ. ಅಂಕ ಬಿದ್ದವು. ಭಾಷೆ ಬಂತೇ ಎಂದು ೧೯೯೦ರ ಆ ಜನವರಿಯವರೆಗೆ ಯಾರೂ ಕೇಳಿರಲಿಲ್ಲ!

ಆಗ ಫ್ರಾನ್ಸ್ ಫುಟ್‌ಬಾಲ್ ತಂಡ ನಾನು ಕೆಲಸಕ್ಕಿದ್ದ ಕುವೈತಿಗೆ ಬಂದಿತ್ತು. ಆಡುವವರನ್ನು ಕೇಳುವವರಿಲ್ಲ, ಎಲ್ಲರಿಗೂ ಅವರ ಕೋಚ್ ಬೇಕು. ಆತ ಆಟ ಬಿಟ್ಟು ಕೋಚ್ ಆಗಿದ್ದರೂ ಕ್ಷೌರದಂಗಡಿ, ಟ್ಯಾಕ್ಸಿ, ಚಹಾದಂಗಡಿ, ಎಲ್ಲೆಲ್ಲೂ ಆತನದೇ ಗುಂಗುರು ಕೂದಲಿನ ಫೋಟೋ. ನಮ್ಮ ಮ್ಯಾನೇಜರ್ ಅಬು ಯೂಸುಫ್ ನಮ್ಮ ಸಲಾಮಿಗೆ ತಲೆಯಾಡಿಸಲೂ ಜಿಪುಣತನ ಮಾಡುವವರು. ಕೋಚ್ ಹೆಸರೆತ್ತಿದರೆ ಮಾತ್ರ ಕಣ್ಣಲ್ಲಿ ನೀರು!

ಅಹ್ಮದಿ ಊರಿನಲ್ಲಿದ್ದ, ಅಂಗಳವಿರುವ ಕಂಪನಿ ಮನೆಗಳನ್ನು ಹಂಚುವುದು ಇದೇ ಮಹಾನುಭಾವರ ಕೈಯಲ್ಲಿತ್ತು. ನಾವಿದ್ದದ್ದು ಮಂಗಫ್‌ನ ಫ್ಲ್ಯಾಟಿನಲ್ಲಿ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದವರ ಬಚ್ಚಲು.

“ರೀ, ಅವರ ಹತ್ರ ಸ್ವಲ್ಪ ಫುಟ್‌ಬಾಲ್ ಮಾತಾಡಿ. ಬಾಯಿಗೇನು ಬಾಡಿಗೆ ಕೊಡಬೇಕಾ?” ಎಂದಳು ಹೆಂಡತಿ ವಿಮಲಾ.

ಮಾತಾಡಿದೆ. ಮಾತಿನ ಭರದಲ್ಲಿ, “ನಂಗೆ ಫ್ರೆಂಚೂ ಬರುತ್ತೆ ಸಾರ್” ಎಂದುಬಿಟ್ಟೆ.

ಅಬು ಯೂಸುಫ್ ಕುರ್ಚಿಯಿಂದ ಎದ್ದರು. “ಯಲ್ಲಾ! ಸಂಜೆ ಕೋಚ್ ಇಳಿದಿರೋ ಹೋಟೆಲ್‌ಗೆ ನಡಿ. ನನ್ನ ಮಾತು ಆತನಿಗೆ ಆತನ ಭಾಷೆಯಲ್ಲೇ ಮುಟ್ಟಬೇಕು!”

ವಿಮಲಾ ನನ್ನ ಮದುವೆಯ ಸೂಟಿಗೆ ಇಸ್ತ್ರಿ ಹಾಕಿದಳು. ಹಾಕುತ್ತಲೇ ಹೊಸ ಮನೆಯಲ್ಲಿ ಕರಿಬೇವಿನ ಗಿಡಕ್ಕೆ ಜಾಗವನ್ನೂ ಗೊತ್ತುಮಾಡಿದಳು.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಬು ಯೂಸುಫ್ ಮೊಣಕೈಯಿಂದ ದಾರಿ ಮಾಡಿಕೊಂಡು ನನ್ನನ್ನು ಕೋಚ್ ಎದುರಿಗೆ ತಳ್ಳಿದರು.

“ಹೇಳು! ನಮ್ಮ ಮನೆ ಗೋಡೆ ಮೇಲೆ, ತೀರಿಕೊಂಡ ನನ್ನ ತಂದೆಯ ಪಕ್ಕದಲ್ಲೇ ನಿಮ್ಮ ಫೋಟೋ ಹಾಕಿದ್ದೇನೆ ಅಂತ!”

ಮನೆ, ಗೋಡೆ, ತಂದೆ, ಸಾವು... ಎಲ್ಲಾ ಪದಗಳೂ ನೆನಪಾದವು. ಫೋಟೋ ಮಾತ್ರ ಕೈಕೊಟ್ಟಿತು. ಅದಕ್ಕೆ ಫ್ರೆಂಚಿನಲ್ಲೂ ಫೋಟೋ ಎಂದೇ ಅನ್ನುತ್ತಾರೆಂದು ಆಮೇಲೆ ತಿಳಿಯಿತು! ನಾನು ಗಂಟಲು ಸರಿಪಡಿಸಿಕೊಂಡು, ಇದ್ದಬದ್ದ ಪದಗಳನ್ನೇ ಜೋಡಿಸಿ ಗಂಭೀರವಾಗಿ ಹೇಳಿದ್ದರ ಅರ್ಥ ಇಷ್ಟು: “ಸ್ವಾಮಿ, ನೀವು ಸತ್ತಿದ್ದೀರಿ. ತಂದೆಯ ಜೊತೆ ನಮ್ಮ ಗೋಡೆಯೊಳಗಿದ್ದೀರಿ.”

ಕೋಚ್ ಮುಖದ ನಗು ಮಾಯವಾಯಿತು. ಕಾವಲಿಗಿದ್ದ ಇಬ್ಬರು ದಾಂಡಿಗರು ನನ್ನ ಕಾಲರ್ ಹಿಡಿದರು.

ಕೋಚ್ ಅಬು ಯೂಸುಫ್‌ರತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ: “ಈತ ನನ್ನನ್ನು ಯಾಕೆ ಕೊಲ್ಲಬೇಕು ಅಂತಿದ್ದಾನೆ?”

ಅಬು ಯೂಸುಫ್ ಸೊಗಸಾದ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ತಬ್ಬಿಕೊಂಡರು. ಕ್ಯಾಮೆರಾ ಮಿಂಚಿತು. ನನ್ನ ಕಾಲರ್ ಇನ್ನೂ ದಾಂಡಿಗರ ಕೈಯಲ್ಲೇ ಇತ್ತು!

ಹೊರಗೆ ಬಂದಮೇಲೆ ಅಬು ಯೂಸುಫ್ ಕೇಳಿದರು: “ಆತನಿಗೆ ಇಂಗ್ಲಿಷ್ ಬರುತ್ತೆ. ನನಗೂ ಬರುತ್ತೆ. ನೀನ್ಯಾಕೆ ಬಂದೆ?”

“ನೀವೇ ಕರೆದಿರಿ ಸಾರ್...”

“ಖಲಾಸ್!”

ಮನೆಯಲ್ಲಿ ವಿಮಲಾ ಬಾಗಿಲಲ್ಲೇ ನಿಂತಿದ್ದಳು. “ಏನಂದ್ರು?”

“ಖಲಾಸ್ ಅಂದ್ರು.”

“ಅಂದ್ರೆ ಕೆಲಸ ಮುಗೀತು ಅಂತ ತಾನೆ? ಹಾಗಾದ್ರೆ ಪಾತ್ರೆ ಕಟ್ಟೋಕೆ ಶುರು ಮಾಡ್ಲಾ?”

ಮರುವಾರ ಅಹ್ಮದಿಯ ಆಫೀಸಿನಲ್ಲಿ ಅಬು ಯೂಸುಫ್‌ರ ಕೋಣೆಗೆ ದೊಡ್ಡ ಫೋಟೋ ಬಂತು. ಅವರು, ಕೋಚ್, ಇಬ್ಬರೇ. ನನ್ನನ್ನು ಕತ್ತರಿಯಿಂದ ನೀಟಾಗಿ ತೆಗೆದಿದ್ದರು. ಆದರೆ ಅಂಚಿನಲ್ಲಿ ನನ್ನ ಎಡಗಿವಿ ಉಳಿದುಕೊಂಡಿತ್ತು.

ಅಂತೂ ಅಹ್ಮದಿಯಲ್ಲಿ ನಮ್ಮ ಸಂಸಾರದ ಪೈಕಿ ಕಿವಿಯೊಂದಕ್ಕಾದರೂ ವಸತಿ ಸಿಕ್ಕಿತು!