ಕಬ್ಬಿನ ಹಾಲು ಕುಡಿದ ಇಂಜಿನ್ನಿಗೆ

ಮಾನ್ಯ ಇಂಜಿನ್ ಮಹಾಶಯರೇ,

ಸವಿನಯ ವಂದನೆಗಳು. ತಮ್ಮ ಕ್ಷೇಮ ವಿಚಾರಿಸಿಯೇ ಪತ್ರ ಆರಂಭಿಸಬೇಕು. ಆದರೆ ತಾವು ಸದ್ಯ ಮದ್ದೂರಿನ ಮಕ್ಸೂದ್ ಅವರ ಗ್ಯಾರೇಜಿನಲ್ಲಿ, ತಲೆ ಒಂದು ಬೆಂಚಿನ ಮೇಲೆ, ಮುಂಡ ಇನ್ನೊಂದರ ಮೇಲೆ, ಪಿಸ್ಟನ್ನುಗಳು ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಮಲಗಿರುವ ಸ್ಥಿತಿಯಲ್ಲಿ ಇರುವುದರಿಂದ, ಯಾವ ಭಾಗದ ಕ್ಷೇಮವನ್ನು ಮೊದಲು ಕೇಳಬೇಕೆಂದು ತಿಳಿಯದೆ ಎಲ್ಲ ಭಾಗಗಳಿಗೂ ಒಟ್ಟಾಗಿ ನಮಸ್ಕರಿಸುತ್ತೇನೆ.

ತಾವು ನಮ್ಮ ಕಾರಿನಲ್ಲಿ ಸಲ್ಲಿಸಿದ ದೀರ್ಘ ಸೇವೆಯ ಬಗ್ಗೆ ನನ್ನ ತಕರಾರಿಲ್ಲ. ಚಳಿಗಾಲದ ಬೆಳಿಗ್ಗೆ ತಾವು ಮೂರು ಸಲ ಕೆಮ್ಮಿ ನಾಲ್ಕನೆಯ ಸಲಕ್ಕೆ ಏಳುವುದನ್ನು ನಾನು ವಯಸ್ಸಿಗೆ ಸಲ್ಲುವ ಗೌರವವೆಂದೇ ಸಹಿಸಿದ್ದೇನೆ. ತಮ್ಮ ರೇಡಿಯೇಟರ್ ಸೋರುತ್ತಿತ್ತು, ಎಲ್ಲಿಗೆ ಹೋದರೂ ತಮಗೆ ನೀರು ಕುಡಿಸಿಯೇ ಹಿಂದಿರುಗಿಸಬೇಕಿತ್ತು. ಅದನ್ನೂ ನೆಂಟರ ಮನೆಯಲ್ಲಿ ನಮಗೆ ಸಿಗುವ ಉಪಚಾರದಲ್ಲಿ ತಮಗೂ ಒಂದು ಪಾಲು ಎಂದುಕೊಂಡು ಸುಮ್ಮನಿದ್ದೆ. ನನ್ನ ದೂರು ಇರುವುದು ಒಂದೇ ಸಂಗತಿಯ ಬಗ್ಗೆ. ಬಾಯಿಗೆ ಏನು ಹುಯ್ದರೂ ಮರುಮಾತಿಲ್ಲದೆ ಕುಡಿಯುವ ತಮ್ಮ ಸೌಜನ್ಯ ಈ ಸಲ ಮಿತಿಮೀರಿತು.

ಕಳೆದ ತಿಂಗಳು ನಾನೂ ನನ್ನ ಹೆಂಡತಿ ಕವಿತಳೂ ಹಲಗೂರಿನ ಹತ್ತಿರದ ಅವಳ ತವರಿಗೆ ಹೋಗಿದ್ದೆವು. ಆ ಊರಿನ ಅಂಚಿನಲ್ಲಿ ನಮ್ಮ ಮಾವ ನಿಂಗಯ್ಯನವರ ಆಲೆಮನೆ ಇದೆ. ಹೊರಡುವ ಹೊತ್ತಿಗೆ ಸಂಜೆಯಾಗಿ, ಕರೆಂಟು ಹೋಗಿ, ಬೆಲ್ಲ ಕಾಯಿಸುವ ಕೊಪ್ಪರಿಗೆಯ ಕೆಳಗಿನ ಬೆಂಕಿಯೊಂದೇ ಬೆಳಕಾಗಿತ್ತು. ನಾನು ಬೆಲ್ಲದ ಅಚ್ಚುಗಳನ್ನು ಡಿಕ್ಕಿಗೆ ಜೋಡಿಸುತ್ತಿದ್ದಾಗ ಮಾವನವರು ತಾವಾಗಿಯೇ, 'ನೀರು ನಾ ಆಕ್ತೀನಿ ಬುಡಿ, ನೀವು ಬೆಲ್ಲ ಇಡಿ' ಎಂದು ಬಿಂದಿಗೆ ತಂದು ತಮ್ಮ ರೇಡಿಯೇಟರಿನ ಬಾಯಿ ತುಂಬಿಸಿದರು, ಮಿಕ್ಕಿದ್ದನ್ನು ಮುಂದಿನ ಗಾಜಿನ ಮೇಲೆ ಹುಯ್ದು ಧೂಳು ತೊಳೆದರು. ಗಾಣದ ಪಕ್ಕದಲ್ಲಿ ಎರಡು ಬಿಂದಿಗೆಗಳಿದ್ದವು. ನೀಲಿ ಬಿಂದಿಗೆಯಲ್ಲಿ ನೀರು, ಕೆಂಪು ಬಿಂದಿಗೆಯಲ್ಲಿ ಆಗಷ್ಟೇ ಅರೆದ ಕಬ್ಬಿನ ಹಾಲು. ಅವರ ಕೈಗೆ ಸಿಕ್ಕಿದ್ದು ಕೆಂಪು. ಕೈಗೆ ಅಂಟಿತಾದರೂ ಅವರಿಗೆ ಗೊತ್ತಾಗಬೇಕಿತ್ತು ಎಂದು ತಾವು ಕೇಳಬಹುದು. ಆಲೆಮನೆಯಲ್ಲಿ ಕೈಗೆ ಅಂಟದ ವಸ್ತು ಯಾವುದೂ ಇರುವುದಿಲ್ಲ, ಮಹಾಶಯರೇ.

ಅಲ್ಲಿಂದ ಮಳವಳ್ಳಿಯವರೆಗೆ ತಾವು ಎಂದಿಗಿಂತ ನಯವಾಗಿ ನಡೆದಿರಿ. ಮಳವಳ್ಳಿ ದಾಟಿದ ಮೇಲೆ ಗಾಜು ಮಸುಕಾಯಿತು, ಹುಳುಗಳು ಬಂದು ಅಂಟಿಕೊಂಡವು. ಇಬ್ಬನಿ ಎಂದುಕೊಂಡು ವೈಪರ್ ಹಾಕಿದೆ, ಅದೂ ಅಂಟಿಕೊಂಡಿತು. ಭಾರತೀನಗರ ಹತ್ತಿರವಾಗುತ್ತಿದ್ದಂತೆ ಬೆಲ್ಲ ಕಾಯಿಸುವ ಗಮ್ಮನೆಯ ವಾಸನೆ ಕಾರನ್ನು ತುಂಬಿತು. ಬೇರೆ ಯಾವ ಊರಿನಲ್ಲಾದರೂ ಆಗಿದ್ದರೆ ನಾವು ಗಾಬರಿಯಿಂದ ಕೆಳಗಿಳಿದು ಬಾನೆಟ್ ಎತ್ತುತ್ತಿದ್ದೆವು. ಆದರೆ ಸಕ್ಕರೆ ಕಾರ್ಖಾನೆಯ ಊರಿಗೆ ಹತ್ತಿರವಾದಾಗ ಸಿಹಿ ವಾಸನೆ ಬಂದರೆ ಯಾರು ತಾನೇ ಸಂಶಯಪಡುತ್ತಾರೆ? ಕವಿತ ಕಿಟಕಿಯ ಗಾಜು ಇಳಿಸಿ, 'ಫ್ಯಾಕ್ಟರಿ ಶುರು ಆಗದೆ ಕಣ್ರಿ, ಎಂಥಾ ಗಮಲು!' ಎಂದು ಸಂತೋಷಪಟ್ಟಳು. ನಾನೂ ಉಸಿರೆಳೆದುಕೊಂಡು ಒಪ್ಪಿದೆ. ಕಾರ್ಖಾನೆ ಮುಂದೆ ಇತ್ತು, ಗಾಳಿ ನಮ್ಮ ಹಿಂದಿನಿಂದ ಬೀಸುತ್ತಿತ್ತು ಎಂಬುದು ನನಗೆ ಹೊಳೆದದ್ದು, ತಾವು ಬಿಳಿಯ ಹೊಗೆಯುಗುಳಿ ಕಬ್ಬಿನ ಟ್ರಾಕ್ಟರುಗಳ ಸಾಲಿನ ನಡುವೆ ಶಾಶ್ವತವಾಗಿ ನಿಂತ ಮೇಲೆ.

ನಾನು ಓದುವ ಹೊರದೇಶದ ಕಾದಂಬರಿಗಳಲ್ಲಿ ಕಾರು ಕೆಟ್ಟವರು ಹಿಮದ ನಡುವೆ ಒಂಟಿಯಾಗಿ ನಿಂತು ತಮ್ಮ ಬದುಕಿನ ಬಗ್ಗೆ ಯೋಚಿಸುತ್ತಾರೆ. ನಮಗೆ ಆ ಅವಕಾಶ ಸಿಗಲಿಲ್ಲ. ಟ್ರಾಕ್ಟರಿನವರು, ಕೊನೆಯ ಬಸ್ಸು ಕಾಯುತ್ತಿದ್ದ ಕಾಲೇಜು ಹುಡುಗಿಯರು, ಅಂಗಡಿ ಮುಚ್ಚುತ್ತಿದ್ದ ಎಳನೀರಿನವರು ಎಲ್ಲರೂ ಸುತ್ತ ನೆರೆದು ತಮ್ಮ ಸಾವಿಗೆ ಬೇರೆ ಬೇರೆ ಕಾರಣ ಕೊಟ್ಟರು. ಕೊನೆಗೆ ಕಬ್ಬು ಇಳಿಸಿ ಹಿಂದಿರುಗುತ್ತಿದ್ದ ಖಾಲಿ ಟ್ರಾಕ್ಟರೊಂದು ತಮ್ಮನ್ನು ಹಗ್ಗ ಕಟ್ಟಿ ಮದ್ದೂರಿಗೆ ತಂದು ಬಿಟ್ಟಿತು.

ಮಾರನೆಯ ಬೆಳಿಗ್ಗೆ ಮಕ್ಸೂದ್ ಗ್ಯಾರೇಜಿನ ಬಾಗಿಲು ತೆರೆಯುವ ಮೊದಲೇ ತಮ್ಮ ಕಾಯಿಲೆಯನ್ನು ಇರುವೆಗಳು ಪತ್ತೆ ಹಚ್ಚಿದ್ದವು. ಗೋಡೆಯಿಂದ ಚಕ್ರ, ಚಕ್ರದಿಂದ ಬಾನೆಟ್ಟಿನವರೆಗೆ ಅವುಗಳ ಮೆರವಣಿಗೆ ನಡೆದಿತ್ತು. ಮಕ್ಸೂದ್ ರೇಡಿಯೇಟರಿನ ಮುಚ್ಚಳ ತೆಗೆದು, ಒಳಗಿನ ಕಂದು ಅಂಟನ್ನು ಬೆರಳಲ್ಲಿ ಎಳೆದು ನೋಡಿ, ಮೂಸಿ, 'ಶುಗರ್ ಐತೆ ಸಾರ್ ಇದಕ್ಕೆ, ಫಾಸ್ಟಿಂಗಲ್ಲೇ ಇಷ್ಟೈತೆ' ಎಂದರು. ಯಾರ ಕೈಯಿಂದ ಆದದ್ದೆಂದು ನನಗೂ ಕವಿತಳಿಗೂ ಆ ಕ್ಷಣವೇ ತಿಳಿಯಿತು. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಈ ವಿಷಯ ಯಾರಿಗೂ ಹೇಳಬಾರದೆಂದು ಮಕ್ಸೂದರಿಂದ ಮಾತು ತೆಗೆದುಕೊಂಡೆವು.

ಕಾರಣವಿಷ್ಟೆ. ಆ ಆಲೆಮನೆಯಲ್ಲಿ ಪಾಕ ನೋಡುವವರು ಮಾವನವರು. ಕೊಪ್ಪರಿಗೆಯ ಪಕ್ಕ ನಿಂತು, ಕುದಿಯುವ ಪಾಕದ ಬಣ್ಣ ನೋಡಿ, ಎರಡು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ, 'ಇಳ್ಸಿ' ಎಂದು ಅವರು ಹೇಳುವ ತನಕ ಯಾರೂ ಕೊಪ್ಪರಿಗೆ ಮುಟ್ಟುವಂತಿಲ್ಲ. ಅವರ ಬದುಕಿನ ಅಧಿಕಾರವೆಲ್ಲ ಆ ಒಂದು ಮಾತಿನಲ್ಲಿದೆ. ಅವರ ಕಣ್ಣಿಗೆ ಪೊರೆ ಬಂದಿದೆಯೆಂದು ಮಗ ನಾಗರಾಜುವಿಗೆ ಒಂದು ವರ್ಷದಿಂದ ಅನುಮಾನ. 'ಕಣ್ ತೋರುಸ್ಕೊ, ಇಲ್ಲಾಂದ್ರೆ ಮನೇಲಿ ಕುಂತ್ಕೊ. ಒಂದಿನ ಕೊಪ್ಪರಿಗೆಗೇ ಕಾಲಿಡ್ತೀಯೆ' ಎಂದು ಅವನು ಹೇಳುವುದೂ, 'ನನ್ ಕಣ್ಗೇನಾಗದೆ ಲಾ? ನಿನ್ನೆಡ್ತೀನ ನೋಡಿ ಒಪ್ಪಿದ್ದು ಇದೇ ಕಣ್ಣು ಕಣ್ಲಾ' ಎಂದು ಇವರು ಬಾಯಿ ಮುಚ್ಚಿಸುವುದೂ ಆ ಮನೆಯ ದಿನದ ಮಾತು. ಕೆಂಪು ಬಿಂದಿಗೆಗೂ ನೀಲಿ ಬಿಂದಿಗೆಗೂ ವ್ಯತ್ಯಾಸ ಕಾಣಲಿಲ್ಲವೆಂದು ನಾಗರಾಜುವಿಗೆ ತಿಳಿದರೆ, ಮಾರನೆಯ ದಿನದಿಂದ 'ಇಳ್ಸಿ' ಎನ್ನುವವನು ಅವನೇ. ಕವಿತ ಗ್ಯಾರೇಜಿನಿಂದ ಹೊರಬರುತ್ತಲೇ, 'ಅಪ್ಪನ್ನ ಕೊಪ್ಪರಿಗೆ ತಾವಿಂದ ಬುಡಿಸಿದ್ರೆ ಅವರು ಉಣ್ಣದೇ ಬುಟ್ಟುಬುಡ್ತಾರೆ ಕಣ್ರಿ' ಎಂದಳು.

ಹೀಗಾಗಿ, ಮಹಾಶಯರೇ, ತಮ್ಮನ್ನು ರಿಪೇರಿ ಮಾಡಿಸುವುದೋ ಬದಲಾಯಿಸುವುದೋ ಎಂಬ ಸರಳ ಪ್ರಶ್ನೆ ನಮ್ಮಲ್ಲಿ ಸರಳವಾಗಿ ಉಳಿಯಲಿಲ್ಲ. ರಿಪೇರಿ ಎಂದರೆ ತಮ್ಮ ತಲೆ ಬಿಚ್ಚಬೇಕು. ಬಿಚ್ಚಿದರೆ ಒಳಗಿನ ಬೆಲ್ಲ ಜಗಜ್ಜಾಹೀರು. ಬದಲಾಯಿಸಿದರೆ ತಮ್ಮನ್ನು ಬಾಯಿ ಮುಚ್ಚಿದಂತೆಯೇ ಹೊತ್ತೊಯ್ಯಬಹುದು. ಮಂಡ್ಯದಲ್ಲಿ ಹಳೆಯ ಕಾರುಗಳ ಭಾಗ ಮಾರುವ ಮಕ್ಸೂದರ ತಮ್ಮ ಅಕೀಲ್, ಹಿಂಬದಿಗೆ ಲಾರಿ ಗುದ್ದಿದ ಕಾರೊಂದರ ಇಂಜಿನ್ ತನ್ನಲ್ಲಿದೆ, ಅದರ ಮೇಲೆ ಒಂದು ಗೀರೂ ಇಲ್ಲ ಎಂದು ಫೋಟೋ ಸಮೇತ ಬಂದರು. ಅಣ್ಣ ಒಪ್ಪಲಿಲ್ಲ. 'ಯಾವನ ಕೈಯಲ್ಲಿ ಹೆಂಗೆ ಓಡೈತೋ ಏನೋ, ಅದರ ಚರಿತ್ರೆ ಯಾವನಿಗೆ ಗೊತ್ತು ಲೇ?' ಎಂದರು. 'ಇದರ ಚರಿತ್ರೆ ಗೊತ್ತಿದ್ದು ಏನ್ ಸಿಕ್ತು ಭಾಯ್, ಬೆಲ್ಲ ಸಿಕ್ತು' ಎಂದರು ತಮ್ಮ. ನಾನೂ ಕವಿತಳೂ ಲಜ್ಜೆಯಿಲ್ಲದೆ ಅಕೀಲ್ ಪಕ್ಷ ಸೇರಿದೆವು.

ನಮ್ಮ ದುರದೃಷ್ಟವೆಂದರೆ ತಮ್ಮ ರಿಪೇರಿಯ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ನಿಂಗಯ್ಯನವರೇ. 'ನಮ್ ಗಾಣದ ಇಂಜಿನ್ನು ನನ್ ಮದ್ವೇಲಿ ತಂದಿದ್ದು. ಬಿಚ್ಚಿ, ತೊಳ್ದು, ಆಕಿ ಓಡುಸ್ತಾ ಇಲ್ವಾ? ಒರಿಜಿನಲ್ನ ಎಸ್ದು ಕಂಡೋರದ ತಂದು ಕೂರ್ಸಾಕೆ ಬುದ್ದಿ ಇಲ್ವಾ ನಿಮ್ಗೆ?' ಎಂದು ಫೋನಿನಲ್ಲಿ ಬೈದು, ತಲೆ ಬಿಚ್ಚುವ ದಿನ ತಾವೇ ಬಂದು ಮುಂದೆ ನಿಲ್ಲುವುದಾಗಿ ತಿಳಿಸಿದರು. ತನ್ನ ಕೈತಪ್ಪಿಗೆ ತಾನೇ ಹಟ ಹಿಡಿದು ಸಾಕ್ಷಿ ಹುಡುಕುವ ಇಂಥ ಮನುಷ್ಯನನ್ನು ತಡೆಯುವುದು ಹೇಗೆಂದು ಯಾವ ಕಾದಂಬರಿಯೂ ನನಗೆ ಹೇಳಿಕೊಟ್ಟಿರಲಿಲ್ಲ.

ಆ ದಿನಗಳಲ್ಲಿ ನಾನು ಗ್ಯಾರೇಜಿಗೆ ಬಂದು ತಮ್ಮ ಬಳಿ ಮೌನವಾಗಿ ಸಲ್ಲಿಸಿದ ಕೋರಿಕೆಗಳನ್ನು ಇಲ್ಲಿ ಬಹಿರಂಗಪಡಿಸುತ್ತಿದ್ದೇನೆ. ಒಳಗಿನ ಬೆಲ್ಲವನ್ನು ಯಾರೂ ನೋಡದ ಹೊತ್ತಿನಲ್ಲಿ ತಾವೇ ಕರಗಿಸಿ ಚರಂಡಿಗೆ ಬಿಟ್ಟುಬಿಡಿ ಎಂದು ಕೇಳಿಕೊಂಡೆ. ಅದಾಗದಿದ್ದರೆ, ಬೆಲ್ಲದ ನಾಡಿನಲ್ಲಿ ಬಹುಕಾಲ ಓಡಾಡಿದ್ದರಿಂದ ಗಾಳಿಯ ಮೂಲಕವೇ ನನಗೆ ಸಿಹಿ ಏರಿತು ಎಂಬ ಹೇಳಿಕೆಯನ್ನಾದರೂ ಕೊಡಿ ಎಂದೆ. ಅದೂ ಬೇಡವಾದರೆ, ರಿಪೇರಿಯೋ ಬದಲಾವಣೆಯೋ ಎಂಬುದರ ಬಗ್ಗೆ ತಮ್ಮ ಸ್ವಂತ ಅಭಿಪ್ರಾಯವನ್ನು ಒಂದು ಗುಟುರಿನಲ್ಲಾದರೂ ತಿಳಿಸಿ ಎಂದು ಬೇಡಿದೆ. ತಾವು ಯಾವುದಕ್ಕೂ ಉತ್ತರ ಕೊಡಲಿಲ್ಲ. ಮೂರು ಆಳು, ಒಂದು ಒಲೆ, ರಾಶಿ ಕಬ್ಬಿನ ಸಿಪ್ಪೆ ಬೇಕಾಗುವ ಬೆಲ್ಲದ ಕೆಲಸವನ್ನು ಹಲಗೂರಿನಿಂದ ಭಾರತೀನಗರಕ್ಕೆ ಬರುವಷ್ಟರಲ್ಲಿ ಒಬ್ಬರೇ ಮಾಡಿ ಮುಗಿಸಿದವರಿಗೆ ಮಾತಿನ ಅಗತ್ಯವೇನಿದೆ?

ತಲೆ ಬಿಚ್ಚುವ ದಿನ ಬಂತು. ನಾಗರಾಜು ತಂದೆಯನ್ನೂ ತಾಯಿ ಮಾಯಮ್ಮನನ್ನೂ ಗೂಡ್ಸ್ ಆಟೋದಲ್ಲಿ ಕರೆತಂದ. ಮಕ್ಸೂದ್ ನನ್ನ ಕಡೆ ಒಮ್ಮೆ ನೋಡಿ, ದೇವರ ಹೆಸರು ಹೇಳಿ, ತಮ್ಮ ತಲೆ ಎತ್ತಿದರು. ನೀರು ಹರಿಯುವ ದಾರಿಗಳೆಲ್ಲ ಕಪ್ಪುಗಂದು ಬಣ್ಣಕ್ಕೆ ಕಟ್ಟಿಕೊಂಡಿದ್ದವು. ಮಾವನವರು ಕೈ ಚಾಚಿ ಒಂದು ಚೂರು ಇಸಿದುಕೊಂಡರು. ಬೆರಳಲ್ಲಿ ಪುಡಿಮಾಡಿದರು. ಮೂಸಿದರು. ಆಮೇಲೆ ಅವರು ತೀರ್ಪು ಕೊಟ್ಟರು: 'ಬೆಲ್ಲನೇ. ಆದ್ರೆ ನಮ್ದಲ್ಲ. ನಮ್ಮಲ್ಲಿ ಇಂಗೆ ಸೀಯ್ಸಾಕಿಲ್ಲ. ಪಾಕ ಮೀರೋಗದೆ. ಯಾವನೋ ಕೆಲ್ಸ ಬರ್ದೋನು ಮಾಡವ್ನೆ.'

ತಮ್ಮ ಕೆಲಸದ ಬಗ್ಗೆ ಇಷ್ಟು ಕಟುವಾದ ವಿಮರ್ಶೆ ಕೇಳಿ ತಮಗೆ ನೋವಾಗಿರಬಹುದು. ನನಗಂತೂ ಹೋದ ಜೀವ ಬಂತು. 'ಹೌದು ಯಜಮಾನ್ರೇ, ದಾರೀಲಿ ಯಾರೋ ಹುಯ್ದವ್ರೆ' ಎಂದು ಮಕ್ಸೂದ್ ಕೂಡಲೇ ಒಪ್ಪಿದರು. ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮಾಯಮ್ಮ ತಮ್ಮೊಳಗೆ ಇಣುಕಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದರು.

'ಅಯ್ಯೋ ಸಿವನೇ! ಅವತ್ತು ಅಳಿಯಂದ್ರಿಗೆ ಅಂತ ಕೆಂಪು ಬಿಂದ್ಗೇಲಿ ಕಬ್ಬಿನಾಲು ಎತ್ತಿಕ್ಕಿದ್ದೆ. ಬಂದು ನೋಡುದ್ರೆ ಬಿಂದ್ಗೆ ಖಾಲಿ. ಅಷ್ಟೂ ಕುಡುದ್ಬುಟ್ರಾ ಅಂತ ಅಳಿಯಂದ್ರನ್ನ ಕೇಳಾಕಾಯ್ತದಾ? ನಾಚ್ಕೆ ಆಗಿ ಸುಮ್ಕಾದೆ. ಊರಿಗೆಲ್ಲ ಏಳ್ಕಂಡು ಬಂದಿವ್ನಿ, ನಮ್ಮಳಿಯಂದ್ರು ಒಂದ್ ಬಿಂದ್ಗೆ ಒಂದೇ ಸಲಕ್ಕೆ ಕುಡೀತಾರೆ ಅಂತ. ನೋಡುದ್ರೆ ಕುಡ್ದಿರೋದು ಈ ಇಂಜಿನ್ನು ಕಣಮ್ಮ ಕವಿತ!'

ನಗುತ್ತಿದ್ದವರು ಅವರೊಬ್ಬರೇ. ಬಿಂದಿಗೆ ಎತ್ತಿದವರು ಯಾರೆಂದು ಅವರಿಗೂ ಹೊಳೆದ ಮೇಲೆ ಆ ನಗುವೂ ನಿಂತಿತು. ನಾಗರಾಜು ತಂದೆಯನ್ನು ನೋಡಲಿಲ್ಲ. ಗೋಡೆಗೆ ನೇತು ಹಾಕಿದ್ದ ಸ್ಪ್ಯಾನರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತ. ಮಾವನವರು ಕೈಯಲ್ಲಿದ್ದ ಚೂರನ್ನು ಕಣ್ಣಿನ ಹತ್ತಿರ ತಂದರು, ಇನ್ನೂ ಹತ್ತಿರ ತಂದರು. ಆಮೇಲೆ ಬಹಳ ಮೆಲ್ಲಗೆ, 'ಬಿಂದ್ಗೆ ಕೆಂಪೋ ನೀಲಿನೋ ಗೊತ್ತಾಗ್ನಿಲ್ಲ ಕಣ್ಲಾ ನಾಗ' ಎಂದರು.

ನಾಗರಾಜು ಒಂದು ವರ್ಷದಿಂದ ಕಾದಿದ್ದ ಮಾತು ಅದು. ಅವನು ಏನಾದರೂ ಅನ್ನಬಹುದಿತ್ತು. ಅವನು ಸ್ಪ್ಯಾನರುಗಳ ಕಡೆಗೇ ತಿರುಗಿಕೊಂಡು, 'ಕೊಪ್ಪರಿಗೆ ತಾವ ನೀನೇ ನಿಂತ್ಕೊ, ಯಾರ್ ಬ್ಯಾಡ ಅಂದೋರು? ಕಣ್ ಸರಿ ಮಾಡುಸ್ಕಂಡು ನಿಂತ್ಕೊ ಅಂದೆ ಅಷ್ಟೆಯ. ಗಾಡಿ ಐತೆ, ಇಂಗೇ ಮಂಡ್ಯಕ್ಕೆ ಓಗನಾ?' ಎಂದ.

ಹೀಗೆ ತಮ್ಮನ್ನು ತಲೆಯಿಲ್ಲದೆ ಬಿಟ್ಟು ನಾವೆಲ್ಲ ಮಂಡ್ಯದ ಕಣ್ಣಿನ ಆಸ್ಪತ್ರೆಗೆ ಹೋದೆವು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಪೊರೆ ಗಟ್ಟಿಯಾಗಿದೆ, ಒಳಗಿನ ಲೆನ್ಸ್ ತೆಗೆದು ಬೇರೆ ಹಾಕಬೇಕು ಎಂದರು. ಮಾವನವರ ದನಿಯಲ್ಲಿ, ತಮ್ಮ ರಿಪೇರಿಯ ಪರವಾಗಿ ಫೋನಿನಲ್ಲಿ ವಾದಿಸುವಾಗ ಕೇಳಿದ್ದ ಹಟವೇ ಮತ್ತೆ ಕೇಳಿಸಿತು. 'ಇರೋದ್ನೇ ತೊಳ್ದು ಆಕಾಕೆ ಬರಾಕಿಲ್ವಾ ತಾಯಿ?' ಎಂದು ಕೇಳಿದರು. ಬರುವುದಿಲ್ಲ ತಾತ, ಬದಲಾಯಿಸಲೇಬೇಕು ಎಂದರು ಅವರು. ಮಾವನವರು, ಯಾವ ಇಂಜಿನ್, ಏನು ಕಥೆ ಎಂದು ಒಂದಿಷ್ಟೂ ತಿಳಿಯದ ಆ ಡಾಕ್ಟರಮ್ಮನಿಗೆ ತಮ್ಮ ಷರತ್ತು ಹೇಳಿದರು: 'ಆಯ್ತು, ನಂದು ಚೇಂಜೇ ಮಾಡ್ಬುಡಿ. ಆದ್ರೆ ಇಂಜಿನ್ನು ಮಾತ್ರ ರಿಪೇರಿನೇ. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಒರಿಜಿನಲ್ ಆಗಿರ್ಬೇಕು.'

ಆದ್ದರಿಂದ ತಮ್ಮ ಬಗೆಗಿನ ತೀರ್ಮಾನ ಗ್ಯಾರೇಜಿನಲ್ಲಿ ಆಗಲಿಲ್ಲ, ಕಣ್ಣಿನ ಆಸ್ಪತ್ರೆಯಲ್ಲಿ ಆಯಿತು ಎಂದು ತಮಗೆ ಅಧಿಕೃತವಾಗಿ ತಿಳಿಸುತ್ತಿದ್ದೇನೆ. ಅಕೀಲ್ ಫೋಟೋವನ್ನು ಜೇಬಿಗೆ ಹಾಕಿಕೊಂಡು ಸೋಲೊಪ್ಪಿದರು. ಮಕ್ಸೂದ್ ಬಿಸಿನೀರಿನಲ್ಲಿ ತಮ್ಮ ದಾರಿಗಳನ್ನೆಲ್ಲ ತೊಳೆಯುತ್ತಿದ್ದಾರೆ. ಹೊರಬಂದ ನೀರಿನಲ್ಲಿ ಕಾಫಿ ಕಾಯಿಸಬಹುದು ಎನ್ನುತ್ತಾರೆ, ಯಾರೂ ಮುಂದೆ ಬಂದಿಲ್ಲ. ರೇಡಿಯೇಟರ್ ಮಾತ್ರ ಹೊಸದು. ಅಷ್ಟನ್ನು ಮಾವನವರಿಂದ ಮುಚ್ಚಿಟ್ಟಿದ್ದೇವೆ. ಬರುವ ವಾರ ತಾವು ಮತ್ತೆ ಒಂದೇ ಮೈಯಾಗಿ ಎದ್ದಾಗ, ಮೊದಲ ಪ್ರಯಾಣ ಆಲೆಮನೆಗೆ. ಒಂದು ಕಣ್ಣಿನ ಆಪರೇಷನ್ ಮುಗಿಸಿಕೊಂಡ ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಕೊಪ್ಪರಿಗೆಯಿಂದ ಹತ್ತು ಮಾರು ದೂರದ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಡಾಕ್ಟರಮ್ಮ ಹೊಗೆಯ ಹತ್ತಿರ ಹೋಗಬೇಡಿ ಎಂದಿರುವಷ್ಟು ದಿನ. ನಾಗರಾಜು ಪಾಕದ ಉಂಡೆಯನ್ನು ಅಲ್ಲಿಗೇ ಒಯ್ದು ತೋರಿಸುತ್ತಾನೆ. 'ಇಳ್ಸಿ' ಎಂಬ ಮಾತು ಈಗ ಆ ಕುರ್ಚಿಯಿಂದ ಬರುತ್ತದೆ, ಮೊದಲಿಗಿಂತ ಜೋರಾಗಿ.

ಇನ್ನು ಮುಂದೆ ಬಾಯಿಗೆ ಬಿದ್ದದ್ದು ನೀರಲ್ಲವೆಂದು ಅನಿಸಿದರೆ ದಯವಿಟ್ಟು ಸೌಜನ್ಯವನ್ನು ಬದಿಗಿಟ್ಟು ಉಗುಳಿಬಿಡಿ ಎಂದು ಪ್ರಾರ್ಥಿಸುತ್ತ,

ಸ್ಟಾರ್ಟ್ ಆಗುವಿರೆಂಬ ನಂಬಿಕೆಯಲ್ಲಿ ಕೀಲಿ ಹಿಡಿದು ನಿಂತಿರುವ
ತಮ್ಮ ವಿಶ್ವಾಸಿ,
ಹಲಗೂರಿನ ಕಡೆಯ ಅಳಿಯ

ಮರೆತ ಮಾತು: ಮಾಯಮ್ಮ ಊರಿಗೆಲ್ಲ ಹೇಳಿಕೊಂಡಿದ್ದನ್ನು ಇನ್ನೂ ಹಿಂತೆಗೆದುಕೊಂಡಿಲ್ಲ, ಒಂದು ಬಿಂದಿಗೆ ಕುಡಿಯುವ ಅಳಿಯ ಆ ಕಡೆ ಬೇರೆ ಯಾರಿಗೂ ಇಲ್ಲವಂತೆ. ಬರುವ ವಾರ ಕೆಂಪು ಬಿಂದಿಗೆ ತುಂಬಿಸಿ, ಅಕ್ಕಪಕ್ಕದವರನ್ನು ನೋಡಲು ಕರೆದು ನನ್ನ ಮುಂದೆ ಇಡುವುದಾಗಿ ಹೇಳಿ ಕಳುಹಿಸಿದ್ದಾರೆ. ಮೇಲಿನ ಪ್ರಾರ್ಥನೆಯನ್ನು ಆ ಒಂದು ದಿನದ ಮಟ್ಟಿಗೆ ಮರೆತು, ತಾವು ಖಾಲಿ ಹೊಟ್ಟೆಯಲ್ಲಿ ಬರಬೇಕು. ಬಾನೆಟ್ ನಾನೇ ಎತ್ತುತ್ತೇನೆ.