ಭಾವನ ಟೋಲ್ ಗೇಟು

ನಮ್ಮ ಭಾವನ ಕಣ್ಣಿಗೆ ಈ ಭೂಮಿಯ ಮೇಲೆ ಇರುವುದು ಎರಡೇ ಬಗೆಯ ಜಾಗ: ರಸ್ತೆ ಆಗಿರುವ ಜಾಗ ಮತ್ತು ಇನ್ನೂ ರಸ್ತೆ ಆಗದೆ ಸುಮ್ಮನೆ ಬಿದ್ದಿರುವ ಜಾಗ. ಮನುಷ್ಯರು? ಅವರು ರಸ್ತೆ ದಾಟುವವರು, ಅಷ್ಟೆ. ಇಂಥವರಿಗೆ ಅಕ್ಕನನ್ನು ಹೇಗಪ್ಪಾ ಕೊಟ್ಟಿರಿ ಎಂದು ನೀವು ಕೇಳಬಹುದು. ಹೆಣ್ಣು ನೋಡಲು ಕುಂದಾಪುರದ ನಮ್ಮ ಮನೆಗೆ ಬಂದ ದಿನ ಅವರು ಕಾಫಿ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಎಂಥ ನಾಚಿಕೆಯ ಹುಡುಗ ಎಂದು ಅಮ್ಮ ಕರಗಿಹೋದಳು. ಅವರು ನೋಡುತ್ತಿದ್ದದ್ದು ನಮ್ಮ ಜಗಲಿಯ ಇಳಿಜಾರನ್ನು! ನೀರು ಗೋಡೆಯ ಕಡೆಗೆ ಹರಿಯುತ್ತದೆ, ಸರಿಮಾಡಿಸಿ ಎಂದು ಹೊರಡುವಾಗ ಅಪ್ಪನ ಕಿವಿಯಲ್ಲಿ ಹೇಳಿ ಹೋದರು. ಅಪ್ಪ ಸರಿಮಾಡಿಸಿದರು, ಮದುವೆಯನ್ನೂ ಮಾಡಿಸಿದರು.

ಭಾವ ರಸ್ತೆ ಇಂಜಿನಿಯರು. ಮನೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಕಚೇರಿ ಅಲ್ ಕೂಜ್‌ನಲ್ಲಿ, ಕೆಲಸ ಮಾತ್ರ ಸಮುದ್ರ ದಾಟಿ ದೂರದ ಒಂದು ದೊಡ್ಡ ದ್ವೀಪದಲ್ಲಿ. ಆ ದ್ವೀಪದ ಈ ತುದಿಯಿಂದ ಆ ತುದಿಗೆ ಟೋಲ್ ಹೆದ್ದಾರಿಗಳ ಜಾಲವನ್ನು ಹತ್ತು ವರ್ಷಗಳಿಂದ ಹೆಣೆಯುತ್ತಿದ್ದಾರೆ. ಆರು ವಾರ ಅಲ್ಲಿ, ಎರಡು ವಾರ ಇಲ್ಲಿ. ನಾನು ಅಬುಧಾಬಿಯ ಒಂದು ಆಸ್ಪತ್ರೆಯ ಕಚೇರಿಯಲ್ಲಿದ್ದೇನೆ. ಭಾವ ಬಂದಾಗಲೆಲ್ಲ ವಾರದ ರಜೆಗೆ ಅಕ್ಕನ ಮನೆಗೆ ಓಡುತ್ತೇನೆ. ಮೀನು ಗಸಿಯ ಆಸೆಗೆ ಹೋಗುತ್ತಾನೆ ಎಂದು ನನ್ನ ರೂಮಿನವರು ಹೇಳುವುದರಲ್ಲಿ ಅರ್ಧ ಮಾತ್ರ ನಿಜ.

ಉಳಿದರ್ಧ ಭಾವ ದೋಸೆ ತಿನ್ನುವ ಚಂದ. ಅಕ್ಕನ ದೋಸೆ ಒಂದು ಕಡೆ ಎಳೆದುಕೊಂಡು ಉದ್ದವಾದರೆ ಮುಗಿಯಿತು. ಭಾವ ಅದನ್ನು ಓರೆಯಾಗಿ ತಿರುಗಿಸಿ, "ನೋಡು ಮಾರಾಯ, ಇದೇ ದ್ವೀಪ" ಎನ್ನುತ್ತಾರೆ. ಚಟ್ನಿಯಲ್ಲಿ ಹೆದ್ದಾರಿ ಎಳೆಯುತ್ತಾರೆ. ಆಲೂಗಡ್ಡೆ ಪಲ್ಯ ಬೆಟ್ಟ, ಅದರೊಳಗೆ ಬೆರಳು ತೂರಿಸಿದರೆ ಸುರಂಗ. ರಸ್ತೆ ಮುಗಿಯದೆ ಒಂದು ತುಂಡನ್ನೂ ಮುರಿಯುವಂತಿಲ್ಲ.

"ನಿಮ್ಮ ರಸ್ತೆ ಆಗುವಾಗ ದೋಸೆ ಚಪ್ಪಲಿ ಆಗ್ತದೆ" ಎಂದು ಅಕ್ಕ ಬೈಯುತ್ತಾಳೆ.

"ಅವಸರದಲ್ಲಿ ಮಾಡಿದ ರಸ್ತೆ ಒಂದೇ ಮಳೆಗೆ ಹೋಗ್ತದೆ" ಎಂದು ಭಾವ ಸಾಂಬಾರಿನ ಬಟ್ಟಲನ್ನು ದ್ವೀಪದಿಂದ ದೂರ ಸರಿಸುತ್ತಾರೆ.

ಕಾರಿನಲ್ಲಿ ಇನ್ನೊಂದು ಅವತಾರ. ಡ್ಯಾಶ್‌ಬೋರ್ಡಿನ ಮೇಲೆ ಸ್ಟೀಲಿನ ಲೋಟ, ಅದರ ತುಂಬ ನೀರು. ಲೋಟ ಜಾರದಂತೆ ಕೆಳಗೊಂದು ರಬ್ಬರಿನ ತುಂಡು. ನೀರು ತುಳುಕಿದರೆ ತಪ್ಪು ರಸ್ತೆಯದೋ ಡ್ರೈವರನದೋ ಎಂದು ತೀರ್ಪು ಕೊಡುತ್ತಾರೆ. ಡ್ರೈವರು ನಾನಾದ ದಿನ ರಸ್ತೆಯ ತಪ್ಪು ಒಂದೂ ಇರುವುದಿಲ್ಲ. ಒಮ್ಮೆ ಅವರನ್ನು ಅಲ್ ಕೂಜ್‌ಗೆ ಬಿಡಲು ಹೋಗುವಾಗ ಮಾತಿನ ಭರದಲ್ಲಿ ಎಕ್ಸಿಟ್ ತಪ್ಪಿಸಿಕೊಂಡೆ. ದುಬೈಯಲ್ಲಿ ಒಂದು ಎಕ್ಸಿಟ್ ತಪ್ಪಿದರೆ ಏನಾಗುತ್ತದೆ ಎಂದು ಇಲ್ಲಿರುವವರಿಗೆ ಹೇಳಬೇಕೆ? ಆಫೀಸು ಎಡಗಡೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿರುತ್ತದೆ, ನೀವು ಮಾತ್ರ ಬೇರೆ ಊರಿಗೆ ಹೊರಟಿರುತ್ತೀರಿ.

"ನಾಲ್ಕು ಬೋರ್ಡು ಹಾಕಿದ್ದಾರೆ. ಯಾರಿಗೆ ಹಾಕಿದ್ದು? ಒಂಟೆಗಾ?" ಭಾವನ ದನಿ ನಡುಗುತ್ತಿತ್ತು. "ಎಕ್ಸಿಟ್ ತಪ್ಪಿಸುವವ ಆ ರಸ್ತೆ ಮಾಡಿದವನಿಗೆ ಅವಮಾನ ಮಾಡಿದ ಹಾಗೆ." ಮುಂದೆ ಒಂದು ವಾರ ಅವರು ನನ್ನ ಕಾರು ಹತ್ತಲಿಲ್ಲ.

ಆದರೆ ಇವೆಲ್ಲ ಚಿಲ್ಲರೆ. ಭಾವನ ಮಹಾಕೃತಿ ಇರುವುದು ಮನೆಯೊಳಗೆ. ಹಾಲ್‌ನಿಂದ ಅಡುಗೆಮನೆಗೆ ಹೋಗುವ ಸಣ್ಣ ದಾರಿಗೆ ನೆಲ ಒರೆಸುವ ಕೋಲನ್ನು ಅಡ್ಡ ಹಿಡಿದು, ಕುರ್ಚಿ ಹಾಕಿ ಕೂರುತ್ತಾರೆ. ಅದು ಟೋಲ್ ಗೇಟು. ದಾಟಬೇಕಾದರೆ ದುಡ್ಡು ಕೊಡಬೇಕಾಗಿಲ್ಲ, ಇವತ್ತು ನಡೆದ ಒಂದು ಸಂಗತಿ ಹೇಳಬೇಕು. ಮಗಳು ಶ್ರಾವ್ಯ ಆರು ವರ್ಷದವಳಿದ್ದಾಗ ಶುರುವಾದದ್ದು. ಆರು ವಾರ ಬಿಟ್ಟು ಬಂದ ಅಪ್ಪನ ಹತ್ತಿರ ಮಗು ಸಂಕೋಚದಿಂದ ಬಾಯಿ ಬಿಡುತ್ತಿರಲಿಲ್ಲ, ಅದಕ್ಕೆ ಇವರು ಕಂಡುಕೊಂಡ ಉಪಾಯ. "ಪಿಇ ಕ್ಲಾಸಲ್ಲಿ ಆಡುವಾಗ ಬಿದ್ದೆ" ಎನ್ನುವಳು, ಕೋಲು ಏಳುವುದು. "ಟೀಚರ್‌ಗೆ ಬಿಕ್ಕಳಿಕೆ ಬಂತು" ಎನ್ನುವಳು, ಕೋಲು ಏಳುವುದು. ಬರಬರುತ್ತ ಅವಳು ಬಾಯಾರಿಕೆ ಇಲ್ಲದಿದ್ದರೂ ಹತ್ತು ಸಲ ನೀರು ಕುಡಿಯಲು ಹೋಗತೊಡಗಿದಳು.

ನೆಂಟರಿಗೂ ವಿನಾಯಿತಿ ಇರಲಿಲ್ಲ. ನಾನು "ಬಾಸ್ ಬೈದರು" ಎಂದರೆ, "ಅದು ಹೋದ ಸಲದ್ದು, ಹೊಸತು ಕೊಡು" ಎಂದು ವಾಪಸ್ ಕಳಿಸುತ್ತಿದ್ದರು. ಒಮ್ಮೆ ಏಸಿ ರಿಪೇರಿಗೆ ಬಂದವನನ್ನೂ ತಡೆದರು. ಪಾಪ, ಅವನನ್ನು ಈ ದೇಶದಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲವೋ ಏನೋ, ಊರಿನಲ್ಲಿ ಮಗ ಆ ಬೆಳಗ್ಗೆ ಮೊದಲ ಹೆಜ್ಜೆ ಇಟ್ಟ ಎನ್ನುವಲ್ಲಿಂದ ಶುರುಮಾಡಿದ. ವೀಡಿಯೊ ತೋರಿಸಿದ, ಚಹಾ ಕುಡಿದ, ಕಣ್ಣೊರೆಸಿಕೊಂಡು ಹೊರಟುಹೋದ. ಏಸಿ ಹಾಗೆಯೇ ಉಳಿಯಿತು.

ಶ್ರಾವ್ಯಳಿಗೆ ಹದಿನಾಲ್ಕು ತುಂಬಿದ ಮೇಲೆ ಗೇಟಿನ ಮುಂದೆ ಒಂದೇ ಉತ್ತರ: "ನಥಿಂಗ್." ಕಿವಿಯಲ್ಲಿ ಇಯರ್‌ಫೋನು, ಕಣ್ಣು ಫೋನಿನ ಮೇಲೆ. ಭಾವ ಆಗಲೂ ಕೋಲು ಎತ್ತುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ನಾನು ತಮಾಷೆಗೆ, "ಭಾವ, ಖೋಟಾ ನೋಟು ತಗೊಳ್ತಿದ್ದೀರಿ" ಎಂದೆ. ಅವರು ನಗಲಿಲ್ಲ. ಅಂದು ದೋಸೆಯ ಮೇಲೆ ರಸ್ತೆಯನ್ನೂ ಎಳೆಯಲಿಲ್ಲ.

ಈ ಸಲ ಹೊರಟದ್ದು ಆರು ವಾರಕ್ಕಲ್ಲ. ಹೆದ್ದಾರಿಯ ಕೊನೆಯ ಭಾಗ ಮುಗಿಯುವವರೆಗೆ ಎಂಟು ತಿಂಗಳು ರಜೆಯೇ ಇಲ್ಲ. ಅವರು ಬರುವಷ್ಟರಲ್ಲಿ ಶ್ರಾವ್ಯ ಕಾಲೇಜಿಗೆ ಎಲ್ಲಿಗೆ ಹೋಗುವುದೆಂದು ನಿಶ್ಚಯವಾಗಿ, ಹೊರಡುವ ತಯಾರಿಯಲ್ಲಿರುತ್ತಾಳೆ. ಭಾನುವಾರ ಊಟವಾದ ಮೇಲೆ ಏರ್‌ಪೋರ್ಟಿಗೆ ಬಿಡಲು ನಾನು ಕಾರಿನ ಕೀ ತೆಗೆದುಕೊಂಡೆ. ಭಾವ ಎರಡು ಸೂಟ್‌ಕೇಸು ಎಳೆದುಕೊಂಡು ಬಾಗಿಲ ಬಳಿ ಬಂದರೆ ಅಲ್ಲಿ ಶ್ರಾವ್ಯ ನೆಲ ಒರೆಸುವ ಕೋಲು ಅಡ್ಡ ಹಿಡಿದು ನಿಂತಿದ್ದಳು.

"ಟೋಲ್" ಎಂದಳು.

ಭಾವ ತಬ್ಬಿಬ್ಬಾದರು. "ಇವತ್ತು... ಗಸಿಗೆ ಉಪ್ಪು ಹೆಚ್ಚಿತ್ತು."

"ಎರಡು ಸೂಟ್‌ಕೇಸ್ ಉಂಟು. ಹೆವಿ ವೆಹಿಕಲ್. ಒನ್ ಮೋರ್."

ಭಾವ ಸ್ವಲ್ಪ ಹೊತ್ತು ನೆಲ ನೋಡಿದರು. ಇಳಿಜಾರನ್ನಲ್ಲ.

"ಅಲ್ಲಿ ಹೊಸ ಗೇಟು ಶುರು ಮಾಡುವ ಮೊದಲು ನನ್ನ ಗಾಡಿಯನ್ನೇ ದಾಟಿಸಿ ನೋಡ್ತಾರೆ" ಎಂದರು. "ನಾನು ಪ್ರತಿ ಗೇಟಲ್ಲಿ ನೀನು ಹೇಳಿದ್ದು ಒಂದೊಂದು ಹೇಳಿ ದಾಟುವುದು. ಪಿಇಯಲ್ಲಿ ಬಿದ್ದದ್ದು, ಟೀಚರ್‌ನ ಬಿಕ್ಕಳಿಕೆ, ಎಲ್ಲ. ಅಲ್ಲಿನವರಿಗೆ ಕನ್ನಡ ಎಲ್ಲಿ ಗೊತ್ತಾಗ್ತದೆ, ಇದೊಂದು ಮಂತ್ರ ಅಂತ ಕೈ ಮುಗಿಯುತ್ತಾರೆ. ಆದರೆ ಮಗಾ, ನನ್ನ ಹತ್ತಿರ ಇದ್ದದ್ದೆಲ್ಲ ಮುಗಿಯಿತು. ಹೋದ ಸಲದ ಗೇಟನ್ನು 'ನಥಿಂಗ್' ಅಂತ ಹೇಳಿಯೇ ದಾಟಿದೆ."

ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದು ನಿಂತಿತು. ಶ್ರಾವ್ಯ ಕೋಲನ್ನು ಗೋಡೆಗೆ ಒರಗಿಸಿ ಚಪ್ಪಲಿ ಮೆಟ್ಟಿದಳು.

"ಇನ್ನು ಎಷ್ಟು ಗೇಟ್ ಉಂಟು ಪಪ್ಪಾ?"

"ಹನ್ನೊಂದು."

"ನಾನೂ ಬರ್ತೇನೆ, ಏರ್‌ಪೋರ್ಟಿಗೆ."

ಕಾರು ಹೊರಟ ಕೂಡಲೇ ಹಿಂದಿನ ಸೀಟಿನಲ್ಲಿ ಎಣಿಕೆ ಶುರುವಾಯಿತು. ಒಂದು, ಕೆಮಿಸ್ಟ್ರಿಯಲ್ಲಿ ಫೇಲಾದದ್ದನ್ನು ಅಮ್ಮನಿಗೆ ಹೇಳಿಲ್ಲ. ಎರಡು, ಗೆಳತಿಯ ಜೊತೆ ಮಾತು ಬಿಟ್ಟು ತಿಂಗಳಾಯಿತು. ಮೂರು, ಅಪ್ಪ ಇಲ್ಲದಾಗ ಸುಮ್ಮನೆ ಆ ಕುರ್ಚಿಯ ಮೇಲೆ ಕೂರುತ್ತಾಳೆ. ವೃತ್ತದಲ್ಲಿ ನಾನು ಜೋರಾಗಿ ತಿರುಗಿಸಿದೆ. ಲೋಟದ ಅರ್ಧ ನೀರು ಭಾವನ ಪ್ಯಾಂಟಿನ ಮೇಲೆ ಬಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಮಗಳ ಮುಖವನ್ನೇ ನೋಡುತ್ತಿದ್ದರು.

ಅವಳು ಏಳನೆಯದರಲ್ಲಿದ್ದಾಗ ಏರ್‌ಪೋರ್ಟಿನ ಬೋರ್ಡು ಕಾಣಿಸಿತು. ನಾನು ಬಲಕ್ಕೆ ಇಂಡಿಕೇಟರ್ ಹಾಕಿದೆ. ಭಾವ ನನ್ನ ತೋಳು ಮುಟ್ಟಿ, ಅವಳಿಗೆ ಕೇಳಿಸದಂತೆ ಹೇಳಿದರು:

"ಎಕ್ಸಿಟ್ ತಪ್ಪಿಸು ಮಾರಾಯ. ಇನ್ನೂ ನಾಲ್ಕು ಬಾಕಿ ಉಂಟು."

ನಾನು ಇಂಡಿಕೇಟರ್ ಆರಿಸಿ ನೆಟ್ಟಗೆ ಹೋದೆ.