ಪೂಜೆಗಿಟ್ಟ ಪಿಸ್ತೂಲು

ದೊಡ್ಡ ವಸ್ತು ಕೊಳ್ಳುವಾಗ ನಮಗೆ ಎಲ್ಲಿಂದಲೋ ಧೈರ್ಯ ಬಂದುಬಿಡುತ್ತದೆ. ಪ್ರಾಣ ಹಿಂಡುವುದು ಚಿಕ್ಕವು. ಟೆಕ್ಸಾಸಿನ ಲಿಟಲ್ ಎಲ್ಮ್ ಊರಿನ ಈ ಮನೆಯನ್ನು ಒಂದು ಮಧ್ಯಾಹ್ನ ನೋಡಿ, ಅಡುಗೆಮನೆ ಕಿಟಕಿಯಿಂದ ಕೆರೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಸಂಜೆಗೆಲ್ಲ ಒಪ್ಪಿಕೊಂಡವರು ನಾವು. ಅದೇ ಮನೆಗೆ ಒಂದು ಇಡ್ಲಿ ಪಾತ್ರೆ ತರಲು ತಿಂಗಳುಗಟ್ಟಲೆ ಚರ್ಚೆ ನಡೆದಿತ್ತು. ಹೀಗಿರುವಾಗ ಪಿಸ್ತೂಲು ಕೊಳ್ಳುವುದೆಂದರೆ, ಅದೂ ನನ್ನಂಥವನು ಕೊಳ್ಳುವುದೆಂದರೆ ಹೇಗಿರಬೇಕು ನೀವೇ ಯೋಚಿಸಿ. ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಮೈಸೂರಿನಲ್ಲಿ ಹುಟ್ಟಿಯೂ ದಸರೆಯ ಕುಶಾಲತೋಪು ಹಾರುವ ಹೊತ್ತಿಗೆ ಹಾಸಿಗೆ ರಾಶಿಯಲ್ಲಿ ತಲೆ ಹುದುಗಿಸುತ್ತಿದ್ದವನು. ದೀಪಾವಳಿಗೆ ನನ್ನ ಪಾಲಿನ ಪಟಾಕಿಯನ್ನೆಲ್ಲ ತಂಗಿಗೆ ಕೊಟ್ಟು ಮನೆಯವರಿಂದ ತ್ಯಾಗಿ ಎನಿಸಿಕೊಂಡವನು. ಕುಕ್ಕರ್ ಕೂಗುವಾಗ ಇವತ್ತಿಗೂ ಪಕ್ಕದ ಕೋಣೆಯಲ್ಲಿ ನನಗೊಂದು ಕೆಲಸ ಇದ್ದೇ ಇರುತ್ತದೆ.

ಹೆಂಡತಿ ಗಿರಿಜಾ ಹುಬ್ಬಳ್ಳಿಯವಳು. ಹಿತ್ತಲಿಗೆ ಹಾವು ಬಂದರೆ ಪೊರಕೆ ಹಿಡಿದು ದಾರಿ ತೋರಿಸಿ ಕಳಿಸುವ ಜಾತಿ. ಅವಳ ಅಣ್ಣ ರಾಜೀವ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಡಾಕ್ಟರು. ವಾರವೆಲ್ಲ ಜನರ ಮೈ ಹೊಲಿದು, ವಾರದ ಕೊನೆಗೆ ಪಿಸ್ತೂಲು ಹಿಡಿದು ಗುರಿಯ ಕಾಗದಕ್ಕೆ ತೂತು ಹಾಕುವುದು ಅವರ ಹವ್ಯಾಸ. ಹೋದ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಎಲ್ಲರನ್ನೂ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದರು. ಗಿರಿಜಾ ರೊಟ್ಟಿ ಬಡಿಯುವಷ್ಟೇ ನಿರಾಳವಾಗಿ ಗುಂಡು ಹೊಡೆದಳಂತೆ. ಹೈಸ್ಕೂಲಿನಲ್ಲಿರುವ ಮಗಳು ಅನಘಾಳೂ ಹೊಡೆದಳಂತೆ. ಅಂತೆ ಎನ್ನುತ್ತಿರುವುದು ಏಕೆಂದರೆ, ನಾನು ಅಷ್ಟು ಹೊತ್ತೂ ಕಾರಿನಲ್ಲಿ ಕೂತು ಎಲ್ಲರ ಬ್ಯಾಗು ಕಾಯುತ್ತಿದ್ದೆ. ಯಾರಾದರೂ ಕಾಯಬೇಕಲ್ಲ.

ವಾಪಸು ಬರುವ ದಾರಿಯಲ್ಲಿ ಗಿರಿಜಾ, ನಮ್ಮದೂ ಅಂತ ಒಂದು ಇರಬೇಕು, ಮನೆಮಂದಿಯೆಲ್ಲ ಕಲಿಯುವಂಥ ಚಿಕ್ಕದು, ಎಂದಳು. ನಾನು ಮಾತು ಮರೆಸಲು, ಮುಂದಿನ ರಜೆಗೆ ಆಸ್ಟಿನ್‌ಗೆ ಹೋಗಿ ಸೇತುವೆ ಕೆಳಗಿನ ಬಾವಲಿಗಳನ್ನು ನೋಡೋಣ, ಮಗಳಿಗೆ ಜೀವಶಾಸ್ತ್ರವೂ ಆಗುತ್ತದೆ ಎಂದೆ. ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡಿದ್ದ ಮಗಳು ಅದನ್ನು ತೆಗೆದು ಕೇಳಿದಳು: "ಅಪ್ಪ, ನೆಕ್ಸ್ಟ್ ಟೈಮ್ ವಿಲ್ ಯೂ ಸ್ಟ್ಯಾಂಡ್ ವಿತ್ ಮಿ?" ರೇಂಜ್‌ನಲ್ಲಿ ಮಕ್ಕಳು ಗುಂಡು ಹೊಡೆಯುವಾಗ ತಂದೆಯೋ ತಾಯಿಯೋ ಪಕ್ಕದಲ್ಲೇ ನಿಂತಿರಬೇಕು. ಅಮ್ಮ ಇದ್ದಾಳಲ್ಲ ಎನ್ನಬಹುದಿತ್ತು. ಆದರೆ ಈ ಹುಡುಗಿ ನನ್ನನ್ನು ಏನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ವೈಫೈ ಪಾಸ್‌ವರ್ಡ್ ಸಹ ಅವಳೇ ನನಗೆ ಹೇಳುವುದು. ಹೂಂ ಎಂದುಬಿಟ್ಟೆ. ಆ ಹೂಂ ಅಂದಿನಿಂದ ನೆನೆಯದ ಕಡಲೆಕಾಳಿನಂತೆ ಹೊಟ್ಟೆಯಲ್ಲೇ ಕೂತಿತ್ತು.

ಕ್ಯಾರಲ್ಟನ್‌ಗೆ ದಿನಸಿಗೆ ಹೋದ ದಿನವೇ ಅಲ್ಲಿನ ಒಂದು ಬಂದೂಕಿನ ಅಂಗಡಿಗೂ ಹೋದೆವು. ಕಾರಿನಲ್ಲಿ ಮೆಂತ್ಯ ಸೊಪ್ಪು, ಕರಿಬೇವು. ಅಂಗಡಿಯೊಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಪಿಸ್ತೂಲುಗಳು. ಗಿರಿಜಾ ಸೀರೆ ಅಂಗಡಿಯ ಕ್ರಮದಲ್ಲೇ ಆರಂಭಿಸಿದಳು. ಅದು ತೋರಿಸಿ, ಅದರ ಹಿಂದಿನದು ತೋರಿಸಿ, ಇದೇ ಬೇರೆ ಬಣ್ಣದಲ್ಲಿ ಇದೆಯೇ. ಅಂಗಡಿಯಾತ ಹೆಂಗಸರಿಗೆಂದು ಗುಲಾಬಿ ಬಣ್ಣದ್ದೊಂದನ್ನು ತೆಗೆದಿಟ್ಟಾಗ ಮಾತ್ರ ತಾಯಿ ಮಗಳು ಇಬ್ಬರೂ ಒಟ್ಟಿಗೆ ಅವನನ್ನು ನೋಡಿದ ರೀತಿಗೆ ಅವನು ಅದನ್ನು ತಾನಾಗಿ ಒಳಗಿಟ್ಟ. ನಾನು ಮೂಲೆಯಲ್ಲಿದ್ದ ಅಂಗೈಯಗಲದ ಒಂದನ್ನು ತೋರಿಸಿ ಇದೇ ಸಾಕು ಎಂದೆ. ಚಿಕ್ಕದು ಚಿಕ್ಕದಾಗಿಯೇ ಹೆದರಿಸುತ್ತದೆ ಎಂಬುದು ನನ್ನ ಲೆಕ್ಕ. ಆತ ಬೇಡವೆಂದು ತಲೆಯಾಡಿಸಿದ. ಹಗುರವಾದದ್ದು ಕೈಯಲ್ಲಿ ಕುಣಿಯುತ್ತದೆ, ಹಿಡಿಯೂ ಸಾಲದು; ಹೊಸಬರಿಗೆ ಗುಂಡು ಚಿಕ್ಕದಿರಬೇಕು, ಪಿಸ್ತೂಲು ಭಾರವಿರಬೇಕು, ಕೊಳವೆ ಉದ್ದವಿರಬೇಕು, ಎಂದು ಪಾಯಿಂಟ್ ಟೂ ಟೂ ಎಂಬ ಜಾತಿಯದೊಂದನ್ನು ಮುಂದಿಟ್ಟ. ಅದಕ್ಕೆ ಒದೆತ ಕಡಿಮೆ, ಸದ್ದೂ ಕಡಿಮೆಯಂತೆ. ಎಷ್ಟು ಕಡಿಮೆ ಎಂದು ಕೇಳಿದೆ. ಇನ್ನೂ ಕಡಿಮೆಯದು ಇದೆಯೇ ಎಂದೂ ಕೇಳಿದೆ. ಆಟಿಕೆ ಅಂಗಡಿ ರಸ್ತೆಯ ಆಚೆಗಿದೆ ಎಂದು ಆತ ಬಹಳ ವಿನಯದಿಂದ ತಿಳಿಸಿದ.

ಅದನ್ನೇ ಕೊಂಡು ಮನೆಗೆ ತರುವಾಗ ದೋಸೆಹಿಟ್ಟಿನ ಪಾತ್ರೆ ಇಟ್ಟುಕೊಂಡವನಂತೆ ಕಾರು ಓಡಿಸಿದೆ. ಹಿಂದಿನವರೆಲ್ಲ ಹಾರ್ನ್ ಹಾಕಿದರು; ಟೆಕ್ಸಾಸಿನಲ್ಲಿ ಅಷ್ಟು ಸುಲಭಕ್ಕೆ ಯಾರೂ ಹಾರ್ನ್ ಹಾಕುವುದಿಲ್ಲ. ಬೀಗದ ಕಬ್ಬಿಣದ ಪೆಟ್ಟಿಗೆ ಬಂತು. ಗುಂಡುಗಳಿಗೆ ಬೇರೆ ಕಡೆ ಬೇರೆ ಬೀಗ. ಸುರಕ್ಷತೆಯ ನಿಯಮಗಳನ್ನು ಫ್ರಿಜ್ಜಿಗೆ ಅಂಟಿಸಿ, ಸಾರು ಬಡಿಸುವ ಮುಂಚೆ ಎಲ್ಲರಿಂದ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಗಿರಿಜಾ ಒಂದು ದಿನ ಸೌಟು ಹಿಡಿದುಕೊಂಡೇ ಕೇಳಿದಳು: "ಖರೇ ಹೇಳ್ರಿ, ಅಂಜಿಕಿ ಆಗೇತೇನು?" ನಾನು, ಅಂಜಿಕೆಯಲ್ಲ, ಜವಾಬ್ದಾರಿ ಎಂದೆ. ಜವಾಬ್ದಾರಿ ಎಂಬ ಪದದ ಹಿಂದೆ ನನ್ನಂಥ ಎಷ್ಟು ಜನ ಅಡಗಿ ಕೂತಿದ್ದಾರೋ ದೇವರೇ ಬಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಮಹಾನವಮಿಗೆ ರಾಜೀವ ಬರುತ್ತೇನೆಂದು ಫೋನ್ ಮಾಡಿದರು. ನಿಮ್ಮ ಹೊಸದರಲ್ಲೇ ಬೋಣಿ ಮಾಡೋಣ, ಮಧ್ಯಾಹ್ನ ರೇಂಜ್ ಬುಕ್ ಮಾಡಿರಿ ಎಂದರು. ನನಗೆ ಊಟ ಸೇರದಾಯಿತು. ನವಮಿಯ ಬೆಳಿಗ್ಗೆ ಸ್ನಾನ ಮಾಡುವಾಗ ಮಾತ್ರ ಒಂದು ಯೋಚನೆ ಹೊಳೆಯಿತು. ನವಮಿಯೆಂದರೆ ಆಯುಧ ಪೂಜೆ. ಪೂಜೆಗಿಟ್ಟ ಪುಸ್ತಕ ಓದಬಾರದು, ಪೂಜೆಗಿಟ್ಟ ಆಯುಧ ಮುಟ್ಟಬಾರದು, ಮಾರನೆಯ ದಿನ ದೇವರಿಗೆ ಮಂಗಳಾರತಿಯಾಗಿ ಎತ್ತುವವರೆಗೂ. ಒದ್ದೆ ತಲೆಯಲ್ಲೇ ಹೋಗಿ ಮಿಕ್ಸಿ, ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್ ಜೊತೆಗೆ ಆ ಕಬ್ಬಿಣದ ಪೆಟ್ಟಿಗೆಯನ್ನೂ ದೇವರ ಮುಂದೆ ಇಟ್ಟು ಚೆಂಡುಹೂ ಏರಿಸಿಬಿಟ್ಟೆ.

ಗಿರಿಜಾ ಬಂದು ನೋಡಿ, ಬರೀ ಪೆಟ್ಟಿಗೆಗೆ ಪೂಜೆ ಮಾಡಿದರೆ ಒಳಗಿನದಕ್ಕೆ ಏನು ಸಿಕ್ಕಿತು ಎಂದು ಬೀಗ ತೆಗೆಸಿದಳು. ಖಾಲಿಯಿದೆಯೇ ಎಂದು ನಾನು ಮತ್ತೆ ಮತ್ತೆ ನೋಡಿದ ಮೇಲೆ ಹಿಡಿಗೆ ಧಾರಾಳವಾಗಿ ಕುಂಕುಮ ಹಚ್ಚಿ, ಮತ್ತೆ ಬೀಗ ಹಾಕಿಸಿದಳು. ರಾಜೀವ ಬಂದಾಗ ನಾನು ಶಾಸ್ತ್ರ ವಿವರಿಸಿದೆ, ಮುಖದಲ್ಲಿ ಆದಷ್ಟು ವಿಷಾದ ತಂದುಕೊಂಡು. ಅವರು ನಕ್ಕರು. "ಛಲೋ ಆತು ಬಿಡ್ರಿ. ನಾಳೆ ವಿಜಯದಶಮಿ, ಹೊಸಾದು ಕಲಿಲಿಕ್ಕೆ ಅದಕ್ಕಿಂತ ಒಳ್ಳೆ ದಿನ ಯಾವುದೈತಿ? ನಾನೂ ಇಲ್ಲೇ ಇರ್ತೀನಿ." ವಿಜಯದಶಮಿ ವಿದ್ಯಾರಂಭದ ದಿನ ಎಂಬುದು ದಸರೆಯ ಊರಿನವನಾದ ನನಗೆ ಹೊಳೆದಿರಲೇ ಇಲ್ಲ. ತಪ್ಪಿಸಿಕೊಳ್ಳಲು ಹೋಗಿ ನನಗೆ ನಾನೇ ಮುಹೂರ್ತ ಇಟ್ಟುಕೊಂಡಿದ್ದೆ.

ಮಾರನೆಯ ದಿನ ರೇಂಜ್‌ನಲ್ಲಿ ಮೇಲ್ವಿಚಾರಣೆಯ ಹೆಂಗಸು ಪಿಸ್ತೂಲಿನ ಹಿಡಿಯ ಮೇಲಿನ ಕೆಂಪು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಅದು ರಕ್ತವಲ್ಲ, ಬ್ಲೆಸ್ಸಿಂಗ್ ಎಂದು ಅನಘಾ ವಿವರಿಸಿ ಸಮಾಧಾನ ಮಾಡಿದಳು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ನಾನು ಮಗಳ ಪಕ್ಕ ನಿಂತೆ. ನನ್ನ ಅಂಜಿಕೆ ಅವಳಿಗೆ ಕಾಣಬಾರದೆಂದು ಕೈ ಕಟ್ಟಿಕೊಂಡು ಅವಳನ್ನೇ ನೋಡಿದೆ. ಪಿಸ್ತೂಲು ಎತ್ತಿದವಳು ಹೊಡೆಯದೆ ಮತ್ತೆ ಕೆಳಗಿಟ್ಟಳು, ಮತ್ತೆ ಎತ್ತಿ ಮತ್ತೆ ಇಟ್ಟಳು.

ಬೇಡವಾದರೆ ಮನೆಗೆ ಹೋಗೋಣ ಪುಟ್ಟಾ, ಅಮ್ಮನನ್ನು ಕರೆಯಲೇ, ಎಂದು ಕಿವಿಯ ಮುಚ್ಚಳ ಸರಿಸಿ ಕೇಳಿದೆ. ಅವಳು ತಲೆಯಲ್ಲಾಡಿಸಿದಳು. "ನೋ. ಅಮ್ಮಂಗೆ ಭಯಾನೇ ಆಗಲ್ಲ, ಶೀ ವೋಂಟ್ ಗೆಟ್ ಇಟ್. ಐ ಆಮ್ ಸ್ಕೇರ್ಡ್, ಅಪ್ಪ. ಅದಕ್ಕೇ ನಿನ್ನ ಕೇಳಿದ್ದು."

ನನಗೂ ಭಯ ಎಂದೆ, ಜವಾಬ್ದಾರಿಯ ಹೆಸರು ಹೇಳದೆ, ಕನ್ನಡದಲ್ಲೇ. ಐ ನೋ, ಎಂದಳು. ಆಮೇಲೆ ಉಸಿರು ಬಿಟ್ಟು, ನಿಧಾನವಾಗಿ ಗುಂಡು ಹೊಡೆದಳು. ಕಾಗದದ ಅಂಚಿನಲ್ಲಿ ಒಂದು ಪುಟ್ಟ ತೂತು ಮೂಡಿತು. ನಾನು ಎಲ್ಲಿಗೂ ಓಡಿಹೋಗಿರಲಿಲ್ಲ. ಓಡಲು ಕಾಲುಗಳು ಒಪ್ಪಲಿಲ್ಲ ಎಂಬುದು ಬೇರೆ ಮಾತು.

ಅವಳ ಬಲವಂತಕ್ಕೆ ಕೊನೆಗೆ ನಾನೂ ಹೊಡೆದೆ. ಅನಘಾಳ ಕಾಗದ ಈಗ ಫ್ರಿಜ್ಜಿನ ಮೇಲೆ, ನನ್ನ ನಿಯಮಗಳ ಪಕ್ಕದಲ್ಲಿದೆ. ನನ್ನ ಕಾಗದವನ್ನು ಗಿರಿಜಾ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ಇದಕ್ಕೇನೂ ಆಗಿಲ್ಲ, ಹೊಸಾದೇ ಐತಿ ಎಂದು ಮಸಾಲೆ ಡಬ್ಬಿಗಳ ಕಪಾಟಿಗೆ ಹಾಸಿದ್ದಾಳೆ. ಸಾಸಿವೆ ತೆಗೆಯಲು ಹೋದಾಗಲೆಲ್ಲ ಆ ಕಪ್ಪು ವೃತ್ತಗಳು ನನ್ನನ್ನೇ ನೋಡುತ್ತವೆ. ನಾನು ಸಾಸಿವೆ ಕೊಟ್ಟು, ಒಗ್ಗರಣೆ ಸಿಡಿಯುವುದರೊಳಗೆ ಪಕ್ಕದ ಕೋಣೆಗೆ ಹೋಗುತ್ತೇನೆ.